ಶಾಲೆಗೆ ಬಂದ ಪರದೇಶದ ಅತಿಥಿ

ಪರನಾಡಿನ ಜನಜೀವನವನ್ನು ಮಕ್ಕಳಿಗೆ ತಿಳಿಸಲು ನಮ್ಮ ಕೈಯಲ್ಲಿರುವ ಸಾಧನಗಳು ಭೂಪಟ ಮತ್ತು ಪಾಠಪುಸ್ತಕ. ಅವುಗಳ ಬದಲು ಆ ನಾಡಿನವರೊಬ್ಬರೇ ತರಗತಿಗೆ ಬಂದು ಮಾತಾಡಿದರೆ ಹೇಗೆ? ಈ ಪ್ರಯೋಗವನ್ನು ಬಹು ವ್ಯಾಪಕವಾಗಿ ನಡೆಸಿ ನೋಡಿದ ದೇಶ ಜಪಾನು. ಅದರ ಗುಣದೋಷಗಳೆರಡೂ ಉಪಾಧ್ಯಾಯರಾದ ನಮಗೆ ವಿಚಾರಾರ್ಹವಾಗಿವೆ.

ಈ ಪದ್ಧತಿಯ ಬೇರು ಹಳೆಯದು. ಮೇಜಿ ಕಾಲದಲ್ಲಿ ಜಪಾನಿನ ಸರಕಾರವು ಪಾಶ್ಚಾತ್ಯ ಪಂಡಿತರನ್ನು ಸಂಬಳ ಕೊಟ್ಟು ಕರೆಸಿಕೊಂಡಿತು. 1890ರಲ್ಲಿ ಲಾಫ್ಕಾಡಿಯೊ ಹರ್ನ್ ಎಂಬವರು ಮತ್ಸುಯೆ ಪಟ್ಟಣದ ಮಾಧ್ಯಮಿಕ ಶಾಲೆಗೆ ಇಂಗ್ಲಿಷ್ ಉಪಾಧ್ಯಾಯರಾಗಿ ಬಂದರು. ತಾಯಿ ಗ್ರೀಕಳು, ತಂದೆ ಐರಿಷರವನು. ಕಲಿಸಲು ಬಂದ ಹರ್ನರು ತಾವೇ ಕಲಿಯಲು ಕುಳಿತರು. ಅಲ್ಲಿಯ ಸಮುರಾಯ್ ಮನೆತನದ ಹೆಣ್ಣನ್ನು ಮದುವೆಯಾಗಿ, 1896ರಲ್ಲಿ ಜಪಾನಿನ ಪ್ರಜೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ತಳೆದರು. ಮಡದಿಯ ಬಾಯಿಂದ ಕೇಳಿದ ದೆವ್ವದ ಕತೆಗಳನ್ನು ಇಂಗ್ಲಿಷಿನಲ್ಲಿ ಬರೆದರು. ‘ಕ್ವೈದಾನ್’ ಎಂಬ ಆ ಸಂಗ್ರಹವು 1904ರಲ್ಲಿ ಹೊರಬಂತು. ಒಳ್ಳೆಯ ಅತಿಥಿ ಕೊಡುವಷ್ಟೇ ಪಡೆಯುತ್ತಾನೆಂಬುದಕ್ಕೆ ಇದು ನಿದರ್ಶನ.

ಇಂದಿನ ವ್ಯವಸ್ಥೆಯು 1987ರಲ್ಲಿ ಆರಂಭವಾಯಿತು. ಅದರ ಹೆಸರು ಜೆಟ್ ಯೋಜನೆ. ಅಮೆರಿಕದೊಡನೆ ವ್ಯಾಪಾರದ ತಿಕ್ಕಾಟ ಬೆಳೆದಿದ್ದ ಕಾಲವದು. ಜಪಾನು ಹೊರಜಗತ್ತಿಗೆ ಮನಸ್ಸು ತೆರೆಯಬೇಕೆಂಬ ಮಾತು ಎಲ್ಲೆಡೆ ಕೇಳುತ್ತಿತ್ತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಎಂಬ 4 ದೇಶಗಳಿಂದ 848 ಜನ ತರುಣ ತರುಣಿಯರು ಬಂದರು. ಅಲ್ಲಿಂದೀಚೆಗೆ ಬಂದುಹೋದವರ ಸಂಖ್ಯೆ 70,000ವನ್ನು ಮೀರಿದೆ. ಇವರಲ್ಲಿ ಬಹುಪಾಲು ಜನ ಭಾಷಾ ಸಹಾಯಕರು. ಜಪಾನೀ ಉಪಾಧ್ಯಾಯರ ಜೊತೆ ನಿಂತು ಪಾಠ ಹೇಳುವವರು. ಅಲ್ಪಸಂಖ್ಯೆಯ ಇನ್ನೊಂದು ವರ್ಗವಿದೆ: ಜಪಾನೀ ಭಾಷೆ ಬಲ್ಲವರಾಗಿ, ಊರಿನ ಆಡಳಿತ ಕಚೇರಿಯಲ್ಲಿದ್ದುಕೊಂಡು, ಶಾಲೆಶಾಲೆಗೆ ಹೋಗಿ ತಮ್ಮ ದೇಶದ ವಿಷಯ ತಿಳಿಸುವವರು. ನೇಮಕ ಒಂದು ವರ್ಷಕ್ಕೆ. ನವೀಕರಿಸಿದರೆ ಹೆಚ್ಚೆಂದರೆ ಐದು ವರ್ಷ.

ಇದರ ಲಾಭ ಸ್ಪಷ್ಟ. ಚಿತ್ರದಲ್ಲಿ ಮಾತ್ರ ಕಂಡಿದ್ದ ಪರದೇಶೀಯನು ಎದುರಿಗೆ ನಿಂತು ನಗುತ್ತಾನೆ, ತಪ್ಪು ಉಚ್ಚರಿಸುತ್ತಾನೆ, ಊಟದ ಹೊತ್ತಿಗೆ ಮಕ್ಕಳ ಪಂಕ್ತಿಯಲ್ಲಿ ಕೂರುತ್ತಾನೆ. ‘ಅವರು’ ಎಂಬ ಬಹುವಚನ ಕರಗಿ ‘ಇವರು’ ಎಂಬ ಪರಿಚಯವಾಗುತ್ತದೆ.

ಆದರೆ ದೋಷವೂ ಉಂಟು. ಜಪಾನಿನ ಶಿಕ್ಷಣವೇತ್ತರೇ ಅದನ್ನು ಎತ್ತಿ ತೋರಿಸಿದ್ದಾರೆ. ಅತಿಥಿಯ ಮಾತು ಊಟ, ಉಡುಗೆ, ಉತ್ಸವ ಎಂಬ ಮೂರರಲ್ಲೇ ಮುಗಿದುಹೋಗುವುದು ಸಾಮಾನ್ಯ. ಪರದೇಶವೆಂದರೆ ವಿಚಿತ್ರ ತಿಂಡಿ, ಬಣ್ಣದ ಬಟ್ಟೆ ಎಂಬಷ್ಟೇ ಮಗುವಿನ ತಲೆಯಲ್ಲಿ ಉಳಿದರೆ ಹಳೆಯ ಅಜ್ಞಾನದ ಮೇಲೆ ಹೊಸ ಬಣ್ಣ ಬಳಿದಂತಾಯಿತು. ಮೇಲಾಗಿ ಒಬ್ಬ ವ್ಯಕ್ತಿಯೇ ಇಡೀ ದೇಶದ ಪ್ರತಿನಿಧಿಯಾಗಿಬಿಡುತ್ತಾನೆ. ಇದಕ್ಕೆ ಪರಿಹಾರ ಉಪಾಧ್ಯಾಯನ ಕೈಯಲ್ಲಿದೆ. ಅತಿಥಿ ಬರುವ ಮೊದಲೇ ಮಕ್ಕಳಿಂದ ಪ್ರಶ್ನೆಗಳನ್ನು ಬರೆಸಬೇಕು. ‘ನಿಮ್ಮ ದೇಶದಲ್ಲಿ ಏನು ತಿನ್ನುತ್ತಾರೆ?’ ಎಂಬುದಕ್ಕಿಂತ ‘ನೀವು ಶಾಲೆಗೆ ಹೇಗೆ ಹೋಗುತ್ತಿದ್ದಿರಿ? ಯಾವುದಕ್ಕೆ ಹೆದರುತ್ತಿದ್ದಿರಿ?’ ಎಂಬ ಪ್ರಶ್ನೆ ಮೇಲು. ಅತಿಥಿ ಹೋದ ಮೇಲೆ, ನಮಗೂ ಅವರಿಗೂ ಯಾವುದು ಸಮಾನವೆಂದು ಮಕ್ಕಳೇ ಚರ್ಚಿಸಬೇಕು.

ಇನ್ನೊಂದು ಸಂಗತಿ ಮನಸ್ಸನ್ನು ಚುಚ್ಚುತ್ತದೆ. 1990ರಲ್ಲಿ ವಲಸೆಯ ಕಾನೂನು ತಿದ್ದುಪಡಿಯಾದ ಬಳಿಕ, ಹಿಂದೆ ಬ್ರೆಜಿಲಿಗೆ ಹೋಗಿ ನೆಲಸಿದ್ದ ಜಪಾನೀಯರ ಸಂತತಿಯವರು ದುಡಿಮೆಗಾಗಿ ಹಮಾಮತ್ಸು ಮುಂತಾದ ಊರುಗಳಿಗೆ ಮರಳಿ ಬಂದರು. ಅವರ ಮಕ್ಕಳಿಗೆ ಮನೆಮಾತು ಪೋರ್ಚುಗೀಸ್. ಶಾಲೆಯ ಭಾಷೆ ತಿಳಿಯದು. ವಿದೇಶೀ ಮಕ್ಕಳಿಗೆ ಅಲ್ಲಿ ಕಡ್ಡಾಯ ಶಿಕ್ಷಣದ ನಿಯಮ ಅನ್ವಯಿಸುವುದಿಲ್ಲ. 2019ರಲ್ಲಿ ಶಿಕ್ಷಣ ಸಚಿವಾಲಯವು ಲೆಕ್ಕ ತೆಗೆದಾಗ, ಸುಮಾರು 20,000 ವಿದೇಶೀ ಮಕ್ಕಳು ಶಾಲೆಗೆ ಹೋಗದೆ ಇರಬಹುದೆಂದು ಕಂಡುಬಂತು. ಸಾವಿರಾರು ಮೈಲಿ ದೂರದಿಂದ ಅತಿಥಿಯನ್ನು ಕರೆಸಿದ ನಾಡಿನಲ್ಲಿ, ನೆರೆಮನೆಯ ಪರದೇಶೀ ಮಗು ಕಣ್ಣಿಗೆ ಬೀಳದೆ ಹೋಯಿತು.

ಗಡಿನಾಡಿನ ಉಪಾಧ್ಯಾಯರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನ ತರಗತಿಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಹೊಸೂರಿನಲ್ಲಿ ತಮಿಳು, ತೆಲುಗು ಮಾತು ಪಕ್ಕದ ಬೀದಿಯದೇ. ಶಾಲೆಯ ಭಾಷೆ ಮನೆಯ ಭಾಷೆಯಲ್ಲದಾಗ ಮಗು ಹೇಗೆ ಮೌನವಾಗುತ್ತದೆಂಬುದನ್ನು ನಾವು ಬಲ್ಲೆವು. ಪರದೇಶದ ಅತಿಥಿ ಬರಲಿ, ಸ್ವಾಗತ. ಆದರೆ ಅದಕ್ಕೆ ಮೊದಲು ಹಿಂದಿನ ಬೆಂಚಿನ ಮಗುವನ್ನು ಮುಂದೆ ಕರೆದು, ‘ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ, ಹೇಳು’ ಎಂದು ಕೇಳೋಣ. ಪರಸಂಸ್ಕೃತಿಯ ಮೊದಲ ಪಾಠ ಅಲ್ಲಿಂದಲೇ ಆರಂಭವಾಗಬೇಕು.