ಗಾಲಿ ಓಟದಲ್ಲಿ ಗೆದ್ದವಳಿಗೆ ಏನು ಸಿಗುತ್ತದೆ?

ಹಳೆಯ ಸೈಕಲ್ ಟೈರನ್ನು ಕೋಲಿನಿಂದ ತಟ್ಟುತ್ತಾ ಬೀದಿಯುದ್ದಕ್ಕೂ ಓಡಿಸುವ ಆಟ ನಮ್ಮ ಊರುಗಳ ಮಕ್ಕಳಿಗೆ ಹೊಸದಲ್ಲ. ಅದೇ ಆಟವನ್ನು ಪದವಿಯ ನಿಲುವಂಗಿ ತೊಟ್ಟ ಯುವತಿಯರು ಆಡಿದರೆ? ಅಮೆರಿಕದ ಬಾಸ್ಟನ್ ನಗರದ ಸಮೀಪದ ವೆಲ್ಲೆಸ್ಲಿ ಮಹಿಳಾ ಕಾಲೇಜಿನಲ್ಲಿ ಇದು 1895ರಿಂದ ನಡೆದುಬಂದ ಪದ್ಧತಿ.

1875ರಲ್ಲಿ ಪಾಠ ಆರಂಭಿಸಿದ ಈ ಕಾಲೇಜು ದೊಡ್ಡದೇನಲ್ಲ. ವಿದ್ಯಾರ್ಥಿನಿಯರ ಸಂಖ್ಯೆ ಎರಡೂವರೆ ಸಾವಿರದೊಳಗೆ. ವಸಂತ ಕಾಲ ಬಂತೆಂದರೆ ಅಂತಿಮ ವರ್ಷದವರು ದೊಡ್ಡ ಬಳೆಯಂತಹ ಮರದ ಗಾಲಿಗಳನ್ನು ಉರುಳಿಸುತ್ತಾ ಓಡುತ್ತಾರೆ. ಎಷ್ಟೋ ಗಾಲಿಗಳು ಹಿರಿಯ ವಿದ್ಯಾರ್ಥಿನಿಯರಿಂದ ಕಿರಿಯರಿಗೆ ಬಳುವಳಿಯಾಗಿ ಬಂದಂಥವು. ಮೊದಲು ಗುರಿ ಮುಟ್ಟಿದವಳಿಗೆ ಹೂಗುಚ್ಛ ಸಿಗುತ್ತದೆ. ಅದರ ಬೆನ್ನಿಗೇ ಗೆಳತಿಯರು ಅವಳನ್ನು ಹೊತ್ತೊಯ್ದು ವಾಬನ್ ಸರೋವರಕ್ಕೆ ಎಸೆಯುತ್ತಾರೆ!

ಸ್ವಾರಸ್ಯವಿರುವುದು ಈ ಓಟದ ಸುತ್ತಲಿನ ನಂಬಿಕೆಯಲ್ಲಿ. ಗೆದ್ದವಳಿಗೆ ಎಲ್ಲರಿಗಿಂತ ಮೊದಲು ಮದುವೆಯಾಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಹೆಣ್ಣು ಎಷ್ಟೇ ಓದಿದರೂ ಕೊನೆಗೆ ಅವಳಿಂದ ಸಮಾಜ ನಿರೀಕ್ಷಿಸುತ್ತಿದ್ದುದು ಅದನ್ನೇ ತಾನೆ? 1980ರ ದಶಕದ ಹೊತ್ತಿಗೆ ಮಾತು ಬದಲಾಯಿತು. ಗೆದ್ದವಳು ಎಲ್ಲರಿಗಿಂತ ಮೊದಲು ದೊಡ್ಡ ಕಂಪನಿಯೊಂದರ ಮುಖ್ಯಸ್ಥೆಯಾಗುತ್ತಾಳೆ ಎನ್ನತೊಡಗಿದರು.

1990ರ ಪದವಿ ಪ್ರದಾನ ಸಮಾರಂಭಕ್ಕೆ ಅಂದಿನ ಅಧ್ಯಕ್ಷರ ಪತ್ನಿ ಬಾರ್ಬರಾ ಬುಷ್ ಅವರನ್ನು ಆಹ್ವಾನಿಸಿದಾಗ ಸುಮಾರು 150 ವಿದ್ಯಾರ್ಥಿನಿಯರು ಆಕ್ಷೇಪ ಎತ್ತಿದರು. ಗಂಡನ ಹೆಸರಿನಿಂದ ಗುರುತಾದವರು ನಮಗೆ ಆದರ್ಶವೇ ಎಂಬುದು ಅವರ ಪ್ರಶ್ನೆ. ಮದುವೆಗಾಗಿ ಓದನ್ನು ಅರ್ಧಕ್ಕೇ ಬಿಟ್ಟಿದ್ದ ಬಾರ್ಬರಾ ಉತ್ತರಕ್ಕೆ ಆರಿಸಿಕೊಂಡದ್ದು ಇದೇ ಗಾಲಿ ಓಟವನ್ನು. ಮದುವೆಯೂ ಬೇಡ, ಕಂಪನಿಯೂ ಬೇಡ. ಗೆದ್ದವಳು ಸಮಾಜದ ಕನಸನ್ನಲ್ಲ, ತನ್ನದೇ ಕನಸನ್ನು ಮೊದಲು ನನಸಾಗಿಸುವವಳಾಗಲಿ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಇಂದು ಕಾಲೇಜಿನಲ್ಲಿ ಹೇಳುವುದೂ ಹೆಚ್ಚುಕಡಿಮೆ ಅದನ್ನೇ: ಗೆದ್ದವಳು ತಾನು ಬಯಸಿದ ಸುಖವನ್ನು ಮೊದಲು ಪಡೆಯುತ್ತಾಳೆ.

ಇಲ್ಲಿ ಇನ್ನೊಂದು ಓಟದ ಸಂಪ್ರದಾಯವೂ ಉಂಟು, ಆದರೆ ಓಡುವವರು ಹೊರಗಿನವರು. 1897ರಲ್ಲಿ ಆರಂಭವಾದ ಬಾಸ್ಟನ್ ಮ್ಯಾರಥಾನ್ ಅರ್ಧ ದಾರಿ ಸವೆಯುವ ಹೊತ್ತಿಗೆ ಕಾಲೇಜಿನ ಮುಂದೆ ಹಾಯುತ್ತದೆ. ವಿದ್ಯಾರ್ಥಿನಿಯರು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತು ಗಂಟಲು ಬಿರಿಯುವಂತೆ ಕೂಗಿ ಹುರಿದುಂಬಿಸುತ್ತಾರೆ. ಆಗ ಸ್ಪರ್ಧೆಯಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. 1966ರಲ್ಲಿ ಬಾಬಿ ಗಿಬ್ ಎಂಬಾಕೆ ಪೊದೆಯಲ್ಲಿ ಅಡಗಿದ್ದು, ಓಟ ಆರಂಭವಾದೊಡನೆ ಗಂಡಸರ ಗುಂಪಿಗೆ ಸೇರಿಕೊಂಡರು. ಹೆಣ್ಣೊಬ್ಬಳು ಓಡಿಬರುತ್ತಿದ್ದಾಳೆ ಎಂಬ ಸುದ್ದಿ ಮುಂಚಿತವಾಗಿಯೇ ತಲುಪಿ, ಅಂದಿನ ಕೂಗು ಮುಗಿಲು ಮುಟ್ಟಿತು. ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ.

ಗಾಲಿ ಅದೇ, ಕೂಗೂ ಅದೇ. ಬದಲಾದದ್ದು ಹೆಣ್ಣುಮಕ್ಕಳು ತಮಗಾಗಿ ಏನನ್ನು ಬಯಸಬಹುದು ಎಂಬ ಲೆಕ್ಕಾಚಾರ. ನಮ್ಮ ಕಾಲೇಜುಗಳ ಆಟ, ಹಾಡು, ಬೀಳ್ಕೊಡುಗೆಯ ತಮಾಷೆಗಳನ್ನೂ ಒಮ್ಮೆ ಹೀಗೆ ತಿರುಗಿಸಿ ನೋಡಬಹುದಲ್ಲವೆ?