ನಮ್ಮ ಮಳೆಗೆ ನಮ್ಮದೇ ಲೆಕ್ಕ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ 500 ಮುಟ್ಟಿದರೆ ಆ ವರ್ಷ ಪರವಾಗಿಲ್ಲ ಎನ್ನಬೇಕು. ನಕಾಶೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಎರಡೂ ಊರುಗಳ ನಡುವೆ ಇರುವುದು ಸುಮಾರು 190 ಕಿಲೋಮೀಟರ್. 2100ರ ಹೊತ್ತಿಗೆ ಭೂಮಿಯ ಹವಾಗುಣ ಹೇಗಿದ್ದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಇಡೀ ಭೂಗೋಳವನ್ನು ಚೌಕಗಳಾಗಿ ಭಾಗ ಮಾಡಿಕೊಳ್ಳುತ್ತಾರೆ. ಪ್ರತಿ ಚೌಕಕ್ಕೂ ಒಂದು ಉಷ್ಣಾಂಶ, ಒಂದು ಗಾಳಿ, ಒಂದು ಮಳೆ. ಚೌಕದ ಬದಿ 200 ಕಿಲೋಮೀಟರ್ ಇದ್ದರೆ ಆಗುಂಬೆಗೂ ಚಳ್ಳಕೆರೆಗೂ ಒಂದೇ ಮಳೆ ಹಂಚಿಕೆಯಾಗಿಬಿಡಬಹುದು. ಸಹ್ಯಾದ್ರಿಯ ಗೋಡೆ ಆ ಲೆಕ್ಕದಲ್ಲಿ ಸವೆದು ಸವೆದು ಸಣ್ಣದೊಂದು ಏರಾಗಿ ಉಳಿಯುತ್ತದೆ.

ಇದು ಸರಿಯಾಗಬೇಕೆಂದು ಮೊದಲು ಯಾರಿಗೆ ಅನ್ನಿಸಬೇಕು? ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇಂಥ ಮಾದರಿಗಳನ್ನು ಕಟ್ಟುವವರಿಗೆ ತಮ್ಮ ಚಂಡಮಾರುತ, ತಮ್ಮ ಹಿಮಪಾತದ ಚಿಂತೆ ಮೊದಲು. ಅದರಲ್ಲಿ ತಪ್ಪೇನೂ ಇಲ್ಲ. ಮುಂಗಾರಿನ ಚಿಂತೆ ಅದನ್ನು ನಂಬಿ ಬದುಕುವವರದ್ದು. ಆ ಚಿಂತೆಯನ್ನೇ ಕಸುಬು ಮಾಡಿಕೊಂಡ ಸಂಸ್ಥೆಯೊಂದು ಪುಣೆಯ ಪಾಷಾಣ್ ಬಡಾವಣೆಯಲ್ಲಿದೆ. ಹೆಸರು ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ, ಬಳಕೆಯಲ್ಲಿ ಐಐಟಿಎಂ. ಐಐಟಿಗಳಿಗೂ ಇದಕ್ಕೂ ಸಂಬಂಧವಿಲ್ಲ. ಟಿವಿಯಲ್ಲಿ ನಾಳೆಯ ಮಳೆ ಹೇಳುವ ಹವಾಮಾನ ಇಲಾಖೆಯೂ ಇದಲ್ಲ, ಆದರೆ ಆ ಇಲಾಖೆಯ ಹಿಂದೆ ಕೂತು ಲೆಕ್ಕ ತಿದ್ದುವವರಲ್ಲಿ ಇವರು ಮುಖ್ಯರು.

ಸಂಸ್ಥೆ ಹುಟ್ಟಿದ್ದು 1962ರ ನವೆಂಬರ್ 17ರಂದು. ಹಲವು ದೇಶಗಳ ಹಡಗುಗಳು ಸೇರಿ ಹಿಂದೂ ಮಹಾಸಾಗರವನ್ನು ಅಳೆಯಲು ಹೊರಟಿದ್ದ ಕಾಲ ಅದು. ಸಮುದ್ರ ನಮ್ಮ ಮನೆಬಾಗಿಲಲ್ಲಿ, ಅದನ್ನು ಓದುವ ಪರಿಣತಿ ಮಾತ್ರ ಬೇರೆಯವರ ಬಳಿ. ಹವಾಮಾನ ಇಲಾಖೆಯ ಒಂದು ಅಂಗವಾಗಿ ಶುರುವಾದ ಸಂಸ್ಥೆಗೆ ಪಿ.ಆರ್. ಪಿಷಾರಟಿ ಮೊದಲ ನಿರ್ದೇಶಕರಾದರು. ಮುಂದೆ ಇವರೇ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಕ್ಯಾಮೆರಾ ಒಯ್ದು, ರೋಗ ತಗುಲಿದ ಮರಗಳನ್ನು ಆಕಾಶದಿಂದಲೇ ಗುರುತಿಸುವ ಪ್ರಯೋಗ ನಡೆಸಿ ದೇಶದ ದೂರಸಂವೇದಿ ವಿಜ್ಞಾನಕ್ಕೆ ಅಡಿಪಾಯ ಹಾಕಿದರು. 1971ರಲ್ಲಿ ಸಂಸ್ಥೆ ಸ್ವಾಯತ್ತವಾಯಿತು. ಈಗ ಅದು ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿದೆ.

ಹವಾಗುಣ ಸಂಶೋಧನೆ ಎಂದೊಡನೆ ಸೂಪರ್ ಕಂಪ್ಯೂಟರಿನ ಚಿತ್ರ ಹಾಕುವುದು ಪತ್ರಿಕೆಗಳ ವಾಡಿಕೆ. ನನಗೆ ಈ ಸಂಸ್ಥೆಯ ಕೆಲಸಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿಸುವುದು ಮಳೆಯ ಒಂದು ಪಟ್ಟಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳೆದು ರಿಜಿಸ್ಟರಿನಲ್ಲಿ ಬರೆಯುವ ಪದ್ಧತಿ ಬ್ರಿಟಿಷರ ಕಾಲದ್ದು. ಅಂಕಿಗಳಿಗೇನೂ ಬರವಿರಲಿಲ್ಲ. ಆದರೆ ಒಂದು ಕಾಲಕ್ಕೆ ನೂರಾರು ಕೇಂದ್ರ, ಇನ್ನೊಂದು ಕಾಲಕ್ಕೆ ಸಾವಿರಾರು. ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಹೀಗಿದ್ದರೆ 1880ರ ಮಳೆಯನ್ನು 1980ರ ಮಳೆಗೆ ಹೋಲಿಸುವುದು ಹೇಗೆ? ಬಿ. ಪಾರ್ಥಸಾರಥಿ ಮತ್ತು ಅವರ ಸಂಗಡಿಗರು ದೇಶದುದ್ದಕ್ಕೂ 306 ಮಳೆಮಾಪನ ಕೇಂದ್ರಗಳನ್ನು ಆರಿಸಿಕೊಂಡರು. ಹೆಚ್ಚುಕಡಿಮೆ ಜಿಲ್ಲೆಗೊಂದರಂತೆ, 1871ರಿಂದ ದಾಖಲೆ ಇರುವ ಕೇಂದ್ರಗಳು ಅವು. ಹಿಮಾಲಯದ ಗುಡ್ಡಗಾಡನ್ನು ಕೈಬಿಟ್ಟರು. ಪ್ರತಿ ಕೇಂದ್ರದ ಮಳೆಗೂ ಅದು ಪ್ರತಿನಿಧಿಸುವ ಪ್ರದೇಶದ ವಿಸ್ತಾರಕ್ಕೆ ತಕ್ಕ ತೂಕ ಕೊಟ್ಟು, ವರ್ಷಕ್ಕೊಂದು ಸಂಖ್ಯೆ ಬರುವ ಹಾಗೆ ಮಾಡಿದರು.

ಆ ಸಂಖ್ಯೆಗಳ ಸಾಲಿನಲ್ಲಿ 1877ರ ಕುಸಿತ ಎದ್ದು ಕಾಣುತ್ತದೆ. ಹಳೇ ಮೈಸೂರಿನವರು ಧಾತು ಈಶ್ವರದ ಬರ ಎಂದು ಕರೆದದ್ದು ಅದನ್ನೇ. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೋ ಬಂದ ವರ್ಷ ನಮ್ಮಲ್ಲಿ ಮಳೆ ಕೈಕೊಡುತ್ತದೆಯೇ, ಎಷ್ಟು ಸಲ ಕೈಕೊಟ್ಟಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ವಿಜ್ಞಾನಿ ಟೋಕಿಯೊದವನಾದರೂ ಸರಿ, ಪ್ರಿನ್ಸ್‌ಟನ್ನಿನವನಾದರೂ ಸರಿ, ಈ ಪಟ್ಟಿಯನ್ನು ತೆರೆಯದೆ ಮುಂದೆ ಹೋಗುವುದು ಕಷ್ಟ. ದೊಡ್ಡ ಯಂತ್ರವಿಲ್ಲದ ಕಾಲದಲ್ಲಿ, ಇದ್ದ ರಿಜಿಸ್ಟರುಗಳನ್ನು ಶ್ರದ್ಧೆಯಿಂದ ಓದಿಯೇ ಕಟ್ಟಿದ ಸಂಪತ್ತು ಇದು. ವಿಜ್ಞಾನಕ್ಕೆ ಹಣವಿಲ್ಲ ಎನ್ನುವ ಬಡ ದೇಶಗಳು ಮೊದಲು ಇಲ್ಲಿಂದ ಕಲಿಯಬಹುದು ಎಂಬುದು ನನ್ನ ಅಭಿಪ್ರಾಯ.

ಮುಂಗಾರನ್ನು ನಮ್ಮ ಕಣ್ಣಿಂದ ನೋಡಿದ ಇನ್ನೊಂದು ಪ್ರಸಂಗದಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಮುಂದೆ ಐಐಟಿಎಂ ನಿರ್ದೇಶಕರಾದ ಡಿ.ಆರ್. ಸಿಕ್ಕಾ 1980ರಲ್ಲಿ ಪ್ರಕಟಿಸಿದ ಪ್ರಬಂಧ ಅದು. ಆಗಷ್ಟೇ ಸಿಗತೊಡಗಿದ್ದ ಉಪಗ್ರಹ ಚಿತ್ರಗಳನ್ನು ಇಬ್ಬರೂ ದಿನದಿನವೂ ಹರಡಿಕೊಂಡು, ಯಾವ ಅಕ್ಷಾಂಶದಲ್ಲಿ ಮೋಡ ದಟ್ಟವಾಗಿದೆ ಎಂದು ಗುರುತು ಹಾಕುತ್ತ ಹೋದರು. ಸಮಭಾಜಕದ ಬಳಿ ಸಾಗರದ ಮೇಲೆ ಹುಟ್ಟುವ ಮೋಡದ ಪಟ್ಟಿ ಮೆಲ್ಲಗೆ ಉತ್ತರಕ್ಕೆ ಸರಿದು ನೆಲಕ್ಕೆ ಬರುತ್ತದೆ. ಕೆಲವು ವಾರಗಳಾದ ಮೇಲೆ ಅದರ ಹಿಂದೆಯೇ ಇನ್ನೊಂದು. ನೆಲ ಕಾದು ಸಮುದ್ರದ ಗಾಳಿಯನ್ನು ಎಳೆಯುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ವಿವರಣೆ ಇದಕ್ಕೆ ಸಾಲದು ಎಂಬುದು ಆ ಚಿತ್ರಗಳಿಂದ ಕಂಡಿತು. ಆಷಾಢದಲ್ಲಿ ಹದವಾಗಿ ಹಿಡಿದಿದ್ದ ಮಳೆ ಇದ್ದಕ್ಕಿದ್ದಂತೆ ಎರಡು ವಾರ ಏಕೆ ಹಿಂದೆಗೆಯುತ್ತದೆ ಎಂಬ ರೈತನ ಪ್ರಶ್ನೆಗೆ ಉತ್ತರದ ದಾರಿಯೂ ಅಲ್ಲೇ ಇತ್ತು. ಗಾಡ್ಗೀಳ್ ಅವರು ಪಾವಗಡದ ಕಡೆಯ ಮಳೆಯಾಶ್ರಿತ ಕಡಲೆಕಾಯಿ ಬೆಳೆಗಾರರ ಜೊತೆ ಕೂತು, ದಶಕಗಳ ಮಳೆ ದಾಖಲೆಯನ್ನು ಬೆಳೆಯ ಮಾದರಿಗೆ ಉಣಿಸಿ, ಯಾವಾಗ ಬಿತ್ತಿದರೆ ನಷ್ಟದ ಭಯ ಕಡಿಮೆ ಎಂದು ಹುಡುಕಿದ್ದು ಇದೇ ಕುತೂಹಲದ ಮುಂದುವರಿಕೆ.

ಇನ್ನು ಮಾದರಿಯ ಕಥೆ. ಹವಾಮಾನ ಬದಲಾವಣೆಯನ್ನು ಅಳೆದು ತೂಗುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ವರದಿಗಳಿಗೆ ಜಗತ್ತಿನ ನಾನಾ ಸಂಸ್ಥೆಗಳು ತಮ್ಮ ತಮ್ಮ ಹವಾಗುಣ ಮಾದರಿಗಳನ್ನು ಒಂದೇ ನಿಯಮದಡಿ ಓಡಿಸಿ ಫಲಿತಾಂಶ ಒಪ್ಪಿಸುತ್ತವೆ. 2013ರಲ್ಲಿ ಬಂದ ಐದನೇ ವರದಿಯ ಸುತ್ತಿನಲ್ಲಿ ಚೀನಾದ ಹಲವು ಮಾದರಿಗಳಿದ್ದವು, ಭಾರತದ್ದು ಒಂದೂ ಇರಲಿಲ್ಲ. ಮುಂಗಾರಿನ ಭವಿಷ್ಯದ ಬಗ್ಗೆ ನಾವು ಓದುತ್ತಿದ್ದುದೆಲ್ಲ ಪರರ ಲೆಕ್ಕ. 2009ರಲ್ಲಿ ಐಐಟಿಎಂ ಒಳಗೆ ಹವಾಮಾನ ಬದಲಾವಣೆ ಸಂಶೋಧನಾ ಕೇಂದ್ರ ತೆರೆದದ್ದು ಈ ಕೊರತೆ ತುಂಬುವುದಕ್ಕೆ. ಆರ್. ಕೃಷ್ಣನ್ ಅದರ ನೇತೃತ್ವ ವಹಿಸಿದರು. ಮಾದರಿ ಕಟ್ಟುವ ಕೆಲಸದಲ್ಲಿ ಸ್ವಪ್ನಾ ಪಣಿಕ್ಕಲ್ ಅವರ ಹೆಸರು ಮುಂಚೂಣಿಯಲ್ಲಿದೆ.

ಸೊನ್ನೆಯಿಂದ ಶುರು ಮಾಡುವ ಹಟಕ್ಕೆ ಅವರು ಬೀಳಲಿಲ್ಲ. ಅಮೆರಿಕದ ಸಿಎಫ್ಎಸ್ ಎಂಬ ಮಾದರಿಯನ್ನು ತಂದರು. ಅದು ಮುಂದಿನ ಕೆಲವು ತಿಂಗಳ ಮುನ್ಸೂಚನೆಗಾಗಿ ಕಟ್ಟಿದ್ದು. ನೂರು ವರ್ಷ ಓಡಿಸಿದರೆ ಏನಾಗುತ್ತದೆ? ಸೂರ್ಯನಿಂದ ಭೂಮಿಗೆ ಬರುವ ಶಕ್ತಿ, ಭೂಮಿಯಿಂದ ವಾಪಸ್ ಹೋಗುವ ಶಕ್ತಿ, ಎರಡೂ ತಾಳೆಯಾಗಬೇಕು. ಮಾದರಿಯೊಳಗೆ ಅದು ತಾಳೆಯಾಗುತ್ತಿರಲಿಲ್ಲ. ದಿನಸಿ ಅಂಗಡಿಯ ಖಾತೆಯಲ್ಲಿ ಪ್ರತಿದಿನ ಐದು ರೂಪಾಯಿ ಎಲ್ಲಿಗೋ ಹೋದಂತೆ. ಒಂದು ಋತುವಿನ ಮುನ್ಸೂಚನೆಗೆ ಇದರಿಂದ ಅಷ್ಟೇನೂ ಬಾಧೆ ಇಲ್ಲ, ಶತಮಾನಕ್ಕೆ ದಿವಾಳಿ. ಮೊದಲ ಆವೃತ್ತಿಯಲ್ಲಿ ಚದರ ಮೀಟರಿಗೆ ಆರು ವಾಟ್ ಮೀರಿದ್ದ ಈ ವ್ಯತ್ಯಾಸವನ್ನು ಎರಡನೆಯ ಆವೃತ್ತಿಯ ಹೊತ್ತಿಗೆ ಒಂದು ವಾಟ್‌ಗಿಂತ ಕೆಳಕ್ಕೆ ಇಳಿಸಿದರು. ಮನುಷ್ಯ ಹೊರಹಾಕಿದ ಅನಿಲಗಳಿಂದ ಭೂಮಿಯಲ್ಲಿ ಉಳಿದುಕೊಳ್ಳುತ್ತಿರುವ ಹೆಚ್ಚುವರಿ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ್ದು ಎಂದರೆ ಈ ತಿದ್ದುಪಡಿಯ ಬೆಲೆ ತಿಳಿದೀತು. ಸಾಗರದ ಭಾಗವನ್ನು ಹೊಸದಕ್ಕೆ ಬದಲಿಸಿದರು, ಧ್ರುವದ ಸಮುದ್ರದ ಹಿಮವನ್ನು ಸರಿಪಡಿಸಿದರು, ನೆಲದ ಮೇಲೆ ಬಿದ್ದು ಹರಿದ ನೀರು ಕಡಲಿಗೆ ಸೇರುವಂತೆ ಮಾಡಿದರು. ಆಮೇಲೆ ಕೈಗಾರಿಕೆಗೆ ಮುಂಚಿನ ಭೂಮಿಯನ್ನು ಯಂತ್ರದೊಳಗೆ ನೂರಾರು ವರ್ಷ ಓಡಿಸಿ, ಎಲ್ಲೂ ಜಾರುವುದಿಲ್ಲ ಎಂದು ಖಾತ್ರಿಯಾದ ಮೇಲೆ 1850ರಿಂದ ಈಚಿನ ಚರಿತ್ರೆಯನ್ನು ಓಡಿಸಿದರು. 2021ರಲ್ಲಿ ಪ್ರಕಟವಾದ ಆರನೇ ವರದಿಯ ಸುತ್ತಿಗೆ ಭಾರತದಿಂದ ಹೋದ ಮೊದಲ ಮಾದರಿ ಇದೇ.

ಬುಡದ ಕೋಡ್ ಅಮೆರಿಕದ್ದಲ್ಲವೇ, ಇದನ್ನು ಸ್ವದೇಶಿ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಈ ಚರ್ಚೆಯಲ್ಲಿ ಹುರುಳಿಲ್ಲ. ಹವಾಗುಣ ಮಾದರಿಗಳ ವಂಶವೃಕ್ಷ ಬಿಡಿಸಿದರೆ ಯಾವ ದೇಶದ್ದೂ ಶುದ್ಧವಾಗಿ ಉಳಿಯುವುದಿಲ್ಲ. ಮಾದರಿ ಎಲ್ಲಿ ತಪ್ಪುತ್ತಿದೆ, ಏಕೆ ತಪ್ಪುತ್ತಿದೆ ಎಂದು ಒಳಹೊಕ್ಕು ಹೇಳಬಲ್ಲವರು ನಮ್ಮಲ್ಲಿದ್ದಾರೆಯೇ ಎಂಬುದಷ್ಟೇ ಮುಖ್ಯ. ಸಿದ್ಧ ಫಲಿತಾಂಶ ತರಿಸಿಕೊಳ್ಳುವವರು ಅದನ್ನು ನಂಬಬಹುದು ಅಥವಾ ಬಿಡಬಹುದು. ಒಂದು ತಿರುಪು ಬಿಗಿದು ಮತ್ತೆ ಓಡಿಸಿ ನೋಡುವ ಅವಕಾಶ ಅವರಿಗಿಲ್ಲ.

ಹಾಗೆಂದು ಸ್ವಂತ ಮಾದರಿ ಬಂದ ಕೂಡಲೇ ಘಟ್ಟ ಎದ್ದು ನಿಲ್ಲಲಿಲ್ಲ. ಐಐಟಿಎಂ ಮಾದರಿಯ ವಾತಾವರಣದ ಚೌಕವೂ ಸುಮಾರು 200 ಕಿಲೋಮೀಟರಿನದೇ. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಲೆಕ್ಕದ ಸಮಯದ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಬೇಕಾಗುತ್ತದೆ, ಒಟ್ಟು ಕೆಲಸ ಎಂಟು ಪಟ್ಟು. ಹತ್ತು ದಿನದ ಮುನ್ಸೂಚನೆಗಾದರೆ ಯಂತ್ರ ತಾಳುತ್ತದೆ: 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ, ಇಲ್ಲೇ ರೂಪುಗೊಂಡ ಭಾರತ್ ಫೋರ್‌ಕಾಸ್ಟ್ ಸಿಸ್ಟಂನ ಚೌಕ 6 ಕಿಲೋಮೀಟರ್. ನೂರು ವರ್ಷಕ್ಕೆ ಅದು ಆಗದ ಮಾತು. ಆದ್ದರಿಂದ ಇಡೀ ಭೂಮಿಯನ್ನು ಒರಟಾಗಿ ಓಡಿಸಿ, ದಕ್ಷಿಣ ಏಷ್ಯಾವನ್ನು ಮಾತ್ರ 50 ಕಿಲೋಮೀಟರ್ ಚೌಕದಲ್ಲಿ ಬಿಡಿಸಿ ನೋಡುವ ಕೆಲಸವನ್ನೂ ಪುಣೆಯವರು ನಡೆಸುತ್ತಾರೆ. ಈ ಅಂಕಿಅಂಶ ನೆರೆಯ ದೇಶಗಳ ಸಂಶೋಧಕರಿಗೂ ಸಿಗುತ್ತದೆ. ಅವರಿಗಾಗಿ ತರಬೇತಿ ಶಿಬಿರಗಳೂ ನಡೆದಿವೆ.

ಸ್ವಂತ ಪ್ರಶ್ನೆ ಕೇಳುವುದೆಂದರೇನು ಎಂಬುದಕ್ಕೆ ಕೃಷ್ಣನ್ ತಂಡ 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಬೇಕು. ಭೂಮಿ ಬಿಸಿಯಾದರೆ ಗಾಳಿಯಲ್ಲಿ ತೇವ ಹೆಚ್ಚಿ ಮುಂಗಾರು ಬಲಿಯಬೇಕು ಎಂದು ಮಾದರಿಗಳು ಹೇಳುತ್ತಿದ್ದವು. ಮಳೆಮಾಪಕಗಳು ಹೇಳುತ್ತಿದ್ದುದು ಬೇರೆ: 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕುಗ್ಗಿದೆ, ಅದರಲ್ಲೂ ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮಘಟ್ಟದಲ್ಲಿ. ಯಾರನ್ನು ನಂಬುವುದು? ತಂಡ ಫ್ರಾನ್ಸಿನ ಮಾದರಿಯೊಂದನ್ನು ದಕ್ಷಿಣ ಏಷ್ಯಾದ ಮೇಲೆ ಚೌಕಗಳು ಸಣ್ಣದಾಗುವಂತೆ ಹೊಂದಿಸಿ ಎರಡು ಭೂಮಿಗಳನ್ನು ಓಡಿಸಿತು. ಒಂದರಲ್ಲಿ ಜ್ವಾಲಾಮುಖಿ, ಸೂರ್ಯ ಮುಂತಾದ ನೈಸರ್ಗಿಕ ಏರಿಳಿತ ಮಾತ್ರ. ಇನ್ನೊಂದರಲ್ಲಿ ಮನುಷ್ಯನ ಅನಿಲ, ಹೊಗೆಯ ಕಣ, ಕಾಡು ಕಡಿದು ಮಾಡಿದ ಹೊಲ ಎಲ್ಲವೂ. ಮಳೆ ಕುಗ್ಗಿದ್ದು ಎರಡನೆಯದರಲ್ಲಿ. ಗಾಳಿಯಲ್ಲಿ ತೇಲುವ ಹೊಗೆಯ ಕಣಗಳು ಬಿಸಿಲನ್ನು ತಡೆದು, ಅನಿಲಗಳು ಹೆಚ್ಚಿಸಬೇಕಿದ್ದ ಮಳೆಯನ್ನು ಹಿಂದಕ್ಕೆ ಎಳೆದಿವೆ ಎಂಬುದು ಅವರ ವಾದದ ಮುಖ್ಯ ಎಳೆ. ಹೊಗೆ ಕಡಿಮೆಯಾಗಿ ಅನಿಲ ಹಾಗೇ ಉಳಿದರೆ ಮುಂದೆ ಮಳೆ ಏರುತ್ತದೆ, ಆ ಏರಿಕೆ ಹದವಾಗಿಯೇ ಬರುತ್ತದೆಂಬ ಭರವಸೆ ಇಲ್ಲ.

ಇಂಥ ಕೆಲಸಗಳನ್ನೆಲ್ಲ ಒಟ್ಟುಗೂಡಿಸಿ 2020ರಲ್ಲಿ ಸಚಿವಾಲಯ ದೇಶದ ಮೊದಲ ಹವಾಮಾನ ಬದಲಾವಣೆ ಮೌಲ್ಯಮಾಪನ ವರದಿ ತಂದಿತು. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಒಂದು ಡಿಗ್ರಿ ಕಾದಿದೆ. ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರುವ ಮಳೆಯ ಪ್ರಸಂಗಗಳು 1950ರಿಂದೀಚೆಗೆ ಶೇ 75ರಷ್ಟು ಹೆಚ್ಚಿವೆ. ಪುಸ್ತಕ ಅಂತರ್ಜಾಲದಲ್ಲಿ ಪೂರ್ತಿ ಉಚಿತ. ನಮ್ಮ ಜಿಲ್ಲಾ ಪಂಚಾಯಿತಿ, ನೀರಾವರಿ ಕಚೇರಿಗಳಲ್ಲಿ ಅದನ್ನು ತೆರೆದವರೆಷ್ಟು ಎಂದು ಕೇಳುವ ಧೈರ್ಯ ನನಗಿಲ್ಲ.

ಕರ್ನಾಟಕದ ಕೈಯಲ್ಲೂ ಒಂದು ಒಳ್ಳೆಯ ಆಸ್ತಿ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಮಾದರಿ ಕಟ್ಟುವವರಿಗೆ ಇಷ್ಟು ದಟ್ಟವಾದ ಅಳತೆ ಹಬ್ಬದೂಟ. ಆದರೆ ಮಾಪಕದ ಬಾಯಿಗೆ ಎಲೆ ಬೀಳದಂತೆ, ಬ್ಯಾಟರಿ ಸಾಯದಂತೆ ಮೂವತ್ತು ವರ್ಷ ನೋಡಿಕೊಂಡಾಗಲೇ ಅದು ಹವಾಗುಣದ ದಾಖಲೆಯಾಗುವುದು.

ಯಂತ್ರದ ಮಟ್ಟಿಗೆ ಪುಣೆಗೆ ಈಗ ಬಡತನವಿಲ್ಲ. 2018ರಲ್ಲಿ 4 ಪೆಟಾಫ್ಲಾಪ್ ವೇಗದ ಪ್ರತ್ಯೂಷ್ ಸೂಪರ್ ಕಂಪ್ಯೂಟರ್ ಬಂತು, 2024ರಲ್ಲಿ 11.77 ಪೆಟಾಫ್ಲಾಪ್‌ನ ಅರ್ಕ. ಯಂತ್ರಕ್ಕೆ ಟೆಂಡರ್ ಕರೆಯಬಹುದು. ಮಾದರಿಯ ಲಕ್ಷಾಂತರ ಸಾಲು ಕೋಡಿನಲ್ಲಿ ಮೋಡ ಎಲ್ಲಿದೆ, ಯಾವ ಸಾಲು ಮುಟ್ಟಿದರೆ ಅರಬ್ಬಿ ಸಮುದ್ರ ತಣ್ಣಗಾಗುತ್ತದೆ ಎಂದು ಬಲ್ಲ ಮನುಷ್ಯನನ್ನು ತಯಾರು ಮಾಡಲು ಪಿಎಚ್‌ಡಿ ಮುಗಿದ ಮೇಲೂ ಹಲವು ವರ್ಷ ಬೇಕು. ನಮ್ಮ ಸರ್ಕಾರಿ ಪ್ರಯೋಗಾಲಯಗಳಲ್ಲಿ ಅಂಥ ಎಳೆಯರಲ್ಲಿ ಬಹಳಷ್ಟು ಮಂದಿ ಪ್ರಾಜೆಕ್ಟ್ ಸೈಂಟಿಸ್ಟ್ ಎಂಬ ಗುತ್ತಿಗೆ ಹುದ್ದೆಯಲ್ಲಿರುತ್ತಾರೆ. ಅವರಿಗೆ ಬರುವ ಗಣಿತವೂ ಪ್ರೋಗ್ರಾಮಿಂಗೂ ಬೆಂಗಳೂರು, ಪುಣೆಯ ಖಾಸಗಿ ಕಂಪನಿಗಳಿಗೆ ಬೇಕಾದವೇ. ಅಲ್ಲಿನ ಸಂಬಳಕ್ಕೆ ಪ್ರಾಜೆಕ್ಟಿನ ಸಂಬಳ ಸಾಟಿಯಲ್ಲ. 2009ರಲ್ಲಿ ಕೇಂದ್ರ ತೆರೆದು 2021ರ ವರದಿಗೆ ಹೆಸರು ಸೇರಲು ಹನ್ನೆರಡು ವರ್ಷ ಹಿಡಿಯಿತು, ಗುತ್ತಿಗೆ ಪತ್ರ ಅಷ್ಟು ಉದ್ದಕ್ಕೆ ಬರೆಯುವವರಿಲ್ಲ. ಐಪಿಸಿಸಿಯ ಏಳನೇ ಸುತ್ತು ಈಗಾಗಲೇ ಶುರುವಾಗಿದೆ.