ಜ್ವರ ಬರುವ ಸೂಜಿ, ಜ್ವರ ಬಾರದ ಸೂಜಿ

"ಸಿಸ್ಟರ್, ಜ್ವರಾ ಬರಲಾರದ ಸೂಜಿ ಇಲ್ಲೇನ್ರಿ?" ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಅಂಗನವಾಡಿಗಳಲ್ಲಿ ಗುರುವಾರ ತಾಯಿ ಕಾರ್ಡ್ ಹಿಡಿದು ಕೂತವರಿಗೆ ಈ ಪ್ರಶ್ನೆ ಹೊಸದಲ್ಲ. ಸೂಜಿ ಇದೆ, ಖಾಸಗಿ ದವಾಖಾನೆಯಲ್ಲಿ. ಅದಕ್ಕೆ ಸಾವಿರಾರು ರೂಪಾಯಿ ಬೇಕು.

ಆರು ವಾರದ ಕೂಸಿಗೆ ಸರ್ಕಾರಿ ವೇಳಾಪಟ್ಟಿಯಲ್ಲಿ ಮೂರು ಚುಚ್ಚು: ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋಕಾಕಲ್, ಬಲತೋಳಿಗೆ ಪೋಲಿಯೊ. ಜೊತೆಗೆ ಬಾಯಿಗೆ ಪೋಲಿಯೊ, ರೋಟಾ ಹನಿ. ಕರ್ನಾಟಕಕ್ಕೆ 2013ರಲ್ಲಿ ಬಂದ ಪೆಂಟಾವೇಲೆಂಟ್ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ (ಒಂದು ಬ್ಯಾಕ್ಟೀರಿಯಾ ಸೋಂಕು) ಎಂಬ ಐದರ ಲಸಿಕೆಯನ್ನು ಒಂದೇ ಸೂಜಿಯಲ್ಲಿ ಸೇರಿಸಿತು. ಇಲ್ಲದಿದ್ದರೆ ಚುಚ್ಚು ಇನ್ನೂ ಹೆಚ್ಚುತ್ತಿದ್ದವು.

ಜ್ವರಕ್ಕೆ ಮುಖ್ಯ ಕಾರಣ ಐದರಲ್ಲೊಂದಾದ ನಾಯಿಕೆಮ್ಮಿನ ಭಾಗ. ಸರ್ಕಾರಿ ಲಸಿಕೆಯಲ್ಲಿ ಆ ರೋಗದ ಬ್ಯಾಕ್ಟೀರಿಯಾವನ್ನೇ ಕೊಂದು, ಇಡಿಯಾಗಿ ಹಾಕಿರುತ್ತಾರೆ. ಅದರ ಹೊರಪೊರೆಯ ಎಂಡೊಟಾಕ್ಸಿನ್ ಮೈ ಬಿಸಿ ಮಾಡುತ್ತದೆ, ತೊಡೆ ಬಾಯುತ್ತದೆ. 'ಪೇನ್‌ಲೆಸ್' ಎಂದು ಮಾರುವ ಲಸಿಕೆಯಲ್ಲಿರುವುದು ಬ್ಯಾಕ್ಟೀರಿಯಾದಿಂದ ಶುದ್ಧೀಕರಿಸಿ ತೆಗೆದ ಎರಡರಿಂದ ಐದು ಪ್ರೋಟೀನು ಮಾತ್ರ. ಹೆಸರು ಪೇನ್‌ಲೆಸ್, ಚುಚ್ಚಿದರೆ ಕೂಸು ಅಳುವುದಂತೂ ತಪ್ಪದು. ರಾತ್ರಿ ಹನ್ನೊಂದಕ್ಕೆ ಗಾಬರಿಯಿಂದ ಫೋನ್ ಮಾಡುವ ತಂದೆತಾಯಿಯನ್ನು ಸಂಭಾಳಿಸುವ ಡಾಕ್ಟರಿಗೆ ಇದೇ ಮೇಲೆನಿಸಿದರೆ ಆಶ್ಚರ್ಯವೇನು?

ಆದರೆ ಜ್ವರ ಕಡಿಮೆ ತರಿಸುವ ಈ ಲಸಿಕೆಯ ರಕ್ಷಣೆಯ ಬಾಳಿಕೆಯೂ ಕಡಿಮೆ. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಯಿಕೆಮ್ಮು ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಬಂತು, ಹತ್ತು ಹಸುಗೂಸುಗಳು ಸತ್ತವು. ಪ್ರೋಟೀನ್ ಮಾದರಿಯನ್ನಷ್ಟೇ ಪಡೆದು ಬೆಳೆದ ಮಕ್ಕಳಲ್ಲಿ ರಕ್ಷಣೆ ಬೇಗ ಇಳಿಯುತ್ತದೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಕಬ್ಬು ಕಡಿಯುವ ಹಂಗಾಮಿನಲ್ಲಿ ಊರು ಬಿಟ್ಟು ಮುಂದಿನ ಸೂಜಿ ತಪ್ಪಬಹುದಾದ ಮನೆಯ ಕೂಸಿಗೆ, ನನ್ನ ಮಟ್ಟಿಗೆ, ಒಂದು ರಾತ್ರಿಯ ಜ್ವರ ತುಟ್ಟಿಯಲ್ಲ. ಪ್ಯಾರಾಸಿಟಮಾಲ್ ಇದ್ದೇ ಇದೆ.

ಲಸಿಕೆ ಹಾಕುವವರ ಚಿಂತೆ ಬೇರೆ. ಬಾಟಲಿಯಲ್ಲಿರುವುದು ನೇರ ದ್ರವವೋ, ನೀರು ಬೆರೆಸಬೇಕಾದ ಪುಡಿಯೋ? ಬೆಲ್ಜಿಯಂನಲ್ಲಿ 96 ಆರೋಗ್ಯ ಸಿಬ್ಬಂದಿಗೆ ಎರಡು ಬಗೆಯ ಆರು-ರೋಗದ ಲಸಿಕೆಯನ್ನು (ಆ ಐದರ ಜೊತೆ ಪೋಲಿಯೊ) ಸಿದ್ಧಪಡಿಸಲು ಕೊಟ್ಟು ನೋಡಿದರು. ದ್ರವಕ್ಕೆ ಸರಾಸರಿ 36 ಸೆಕೆಂಡು, ಪುಡಿಗೆ 70. ಪುಡಿಯಲ್ಲಿ ತಪ್ಪುಗಳೂ ಹೆಚ್ಚು. ಹೆಚ್ಚುಕಡಿಮೆ ಎಲ್ಲರೂ ದ್ರವವನ್ನೇ ಬಯಸಿದರು.

ಮುಧೋಳಕ್ಕೆ ಹತ್ತಿದ ರಾಮದುರ್ಗ ತಾಲ್ಲೂಕಿನವರಿಗೆ ಇದು ಬರೀ ಸೆಕೆಂಡಿನ ಲೆಕ್ಕವಲ್ಲ. 2022ರ ಜನವರಿಯಲ್ಲಿ ಅಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಮಕ್ಕಳು ತೀರಿಕೊಂಡವು. ಲಸಿಕೆಯನ್ನು ಹೋಟೆಲ್ ಫ್ರಿಜ್‌ನಲ್ಲಿ ಇಟ್ಟಿದ್ದರೆಂದು ಪ್ರಾಥಮಿಕ ತನಿಖೆ ಹೇಳಿತು. ಆ ಲಸಿಕೆ ಪುಡಿಯದು. ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅದರಲ್ಲಿ ಸಂರಕ್ಷಕವಿಲ್ಲ, ಬ್ಯಾಕ್ಟೀರಿಯಾ ಸೇರಿದರೆ ಬೆಳೆಯುತ್ತವೆ. ಪೆಂಟಾವೇಲೆಂಟ್ ದ್ರವದಲ್ಲಿ ಸಂರಕ್ಷಕವಿದೆ. ಶೀತಲ ಸರಪಳಿ ಕಡಿಯದಿದ್ದರೆ ತೆರೆದ ಬಾಟಲಿಯನ್ನು 28 ದಿನ ಬಳಸಬಹುದು. ಹೆಪ್ಪುಗಟ್ಟಿತೋ ಕೆಟ್ಟಿತು.

ಹಾಗಾದರೆ ತೋಳಿನ ಪೋಲಿಯೊ ಸೂಜಿಯನ್ನೂ ಪೆಂಟಾವೇಲೆಂಟ್ ಒಳಗೇ ಸೇರಿಸಬಾರದೇ? ಚರ್ಮದ ಪದರಕ್ಕೆ 0.1 ಮಿಲಿ ಹಾಕುವ ಆ ಚುಚ್ಚೇ ಕೈಗೆ ಕಷ್ಟದ್ದು. ಸೇರಿಸಲು ಬಹುಕಾಲ ಅಡ್ಡಿಯಾದದ್ದು ರಸಾಯನ: ಹಳೆಯ ನಾಯಿಕೆಮ್ಮು ಲಸಿಕೆಗಳ ಸಂರಕ್ಷಕ ಥಯೊಮರ್ಸಲ್ ಪೋಲಿಯೊ ಅಂಶದ ಬಲ ಕುಂದಿಸುತ್ತದೆ. ಅದನ್ನು ದಾಟಿ ಇಡೀ ಬ್ಯಾಕ್ಟೀರಿಯಾದ ಆರು-ರೋಗದ ಲಸಿಕೆಯನ್ನು ಭಾರತದ ಕಂಪನಿಗಳೇ ಮಾಡಿವೆ. ಉಳಿದ ತೊಡಕು ಪ್ರಮಾಣದ್ದು. 2016ರಲ್ಲಿ ಪೋಲಿಯೊ ಚುಚ್ಚುಮದ್ದಿನ ಕೊರತೆ ಬಂದಾಗ ಕರ್ನಾಟಕವೂ ಸೇರಿ ಎಂಟು ಕಡೆ ಐದನೇ ಒಂದು ಭಾಗ ಕೊಡುವ ಪದ್ಧತಿ ಶುರುವಾಯಿತು, ಅದೇ ಈಗ ದೇಶದ ಪದ್ಧತಿ. ಆರು-ರೋಗದ ಸೂಜಿಯಲ್ಲಿ ಪೂರ್ಣ ಡೋಸ್ ಹಾಕಬೇಕು: ಒಂದು ಚುಚ್ಚು ಉಳಿಸಲು ಐದು ಪಟ್ಟು ಪೋಲಿಯೊ ಲಸಿಕೆ.